ಪ್ರಯಾಣಿಕನ ಮುಂದಿಟ್ಟ ಲೋಟ: ಬಿಯರ್, ಆತಿಥ್ಯ ಮತ್ತು ಸಭಾಸೇವಕನ ಮನಸ್ಸಾಕ್ಷಿ

ಕೆಲವು ತಿಂಗಳುಗಳ ಹಿಂದೆ ನಮ್ಮ ಅಂತಿಮ ವರ್ಷದ ವಿದ್ಯಾರ್ಥಿಯೊಬ್ಬನು ವಿನಿಮಯ ಕಾರ್ಯಕ್ರಮದ ಮೇರೆಗೆ ದಕ್ಷಿಣ ಜರ್ಮನಿಯ ಸಭೆಯೊಂದಕ್ಕೆ ಹೊರಡುವ ಮುನ್ನ ನನ್ನ ಕೊಠಡಿಗೆ ಬಂದನು. ಪಾಸ್‌ಪೋರ್ಟು, ಉಣ್ಣೆಯ ಅಂಗಿ, ಪ್ರಸಂಗದ ಭಾಷಾಂತರ ಇವುಗಳ ಮಾತು ಮುಗಿದ ಮೇಲೆ ಸಂಕೋಚದಿಂದ ಕೇಳಿದನು: “ಅಯ್ಯನವರೇ, ಅಲ್ಲಿಯ ಸಭಾಪಾಲಕರೇ ಊಟದ ಹೊತ್ತಿನಲ್ಲಿ ಬಿಯರ್ ಇಟ್ಟು, ‘ಇದು ನಮ್ಮ ಊರಿನದು, ರುಚಿ ನೋಡಿ’ ಎಂದರೆ ನಾನೇನು ಮಾಡಬೇಕು?” “ಬೇಡವೆನ್ನು” ಎಂದೆನು. “ಏಕೆ ಬೇಡವೆಂದು ಅವರು ಕೇಳಿದರೆ?” ಎಂದನು. ಮೊದಲನೆಯ ಪ್ರಶ್ನೆಗೆ ಉತ್ತರವು ನನ್ನ ನಾಲಗೆಯ ತುದಿಯಲ್ಲಿತ್ತು, ಎರಡನೆಯದಕ್ಕೆ ಇರಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ವರ್ಷ ಸತ್ಯವೇದವನ್ನು ಬೋಧಿಸಿದವನಿಗೆ ಇದು ಹೆಮ್ಮೆಯ ಸಂಗತಿಯಲ್ಲ. ಅಂದು ಹೇಳಬೇಕಾಗಿದ್ದುದನ್ನು ಈಗ ಬರೆಯುತ್ತಿದ್ದೇನೆ.

ಇಲ್ಲಿ ಚರ್ಚೆಗೆ ಬಂದಿರುವುದು ಮದ್ಯವ್ಯಸನವಲ್ಲ. ಅದರ ಕುರಿತು ಸತ್ಯವೇದವಾಗಲಿ ಸಭೆಯಾಗಲಿ ಎಂದೂ ಎರಡು ನಾಲಗೆಯಿಂದ ಮಾತಾಡಿದ್ದಿಲ್ಲ. ವಿಷಯವು ಅದಕ್ಕಿಂತ ಚಿಕ್ಕದು, ಚಿಕ್ಕದಾದುದರಿಂದಲೇ ತೊಡಕಾದುದು: ಪ್ರಯಾಣಿಕನೊಬ್ಬನು ಹೋದ ಊರಿನಲ್ಲಿ ಊಟದೊಂದಿಗೆ ಆ ಊರಿನ ಬಿಯರನ್ನು ರುಚಿ ನೋಡುವುದು. ಕನ್ನಡದಲ್ಲಿ “ಅವನು ಕುಡಿಯುತ್ತಾನೆ” ಎಂದರೆ ಏನನ್ನು ಎಂದು ಯಾರೂ ಕೇಳುವುದಿಲ್ಲ. ಕರ್ಮಪದವಿಲ್ಲದ ಆ ವಾಕ್ಯವೇ ಒಂದು ಆರೋಪ. ಆದರೆ “ರುಚಿ ನೋಡಿದನು” ಎಂಬುದು ಅಡಿಗೆಮನೆಯ ಮಾತು, ನಿರಪಾಯದ ಮಾತು. ಈ ಎರಡು ಕ್ರಿಯಾಪದಗಳ ನಡುವೆ ಎಲ್ಲಿ ಗೆರೆ ಎಳೆಯಬೇಕೆಂಬುದೇ ನಮ್ಮ ವಿದ್ಯಾರ್ಥಿಯ ಪ್ರಶ್ನೆ.

ಮೇಜಿನ ಮೇಲೆ ಏನಿದೆ

ಬಿಯರ್ ಎಂಬುದು ಮೊಳಕೆ ಬರಿಸಿ ಒಣಗಿಸಿದ ಜವೆಗೋದಿಯನ್ನು ಬಿಸಿನೀರಿನಲ್ಲಿ ನೆನೆಸಿ, ಆ ಸಿಹಿನೀರನ್ನು ಹಾಪ್ಸ್ ಎಂಬ ಬಳ್ಳಿಯ ಕಹಿಹೂವಿನೊಡನೆ ಕುದಿಸಿ, ಯೀಸ್ಟಿನಿಂದ ಹುದುಗಿಸಿದ ಪಾನೀಯ. ಬವೇರಿಯದ ಪ್ರಭು ನಾಲ್ಕನೆಯ ವಿಲ್‌ಹೆಲ್ಮನು 1516ರಲ್ಲಿ ಇಂಗೋಲ್‌ಸ್ಟಾಟ್ ನಗರದಲ್ಲಿ ಹೊರಡಿಸಿದ ಆಜ್ಞೆಯು ಜವೆಗೋದಿ, ಹಾಪ್ಸ್, ನೀರು ಈ ಮೂರನ್ನಲ್ಲದೆ ಬೇರೇನನ್ನೂ ಸೇರಿಸಬಾರದೆಂದು ವಿಧಿಸಿತು. ಆ ನಾಡುಗಳಲ್ಲಿ ಬಿಯರ್ ಹೆಂಡದಂಗಡಿಯ ವಸ್ತುವಲ್ಲ, ರೊಟ್ಟಿಯ ಬಳಿಯಲ್ಲಿ ಇಡುವ ಆಹಾರ. ಊರೂರಿಗೆ ಅದರ ಬಣ್ಣ, ನೊರೆ, ಕಹಿ, ಲೋಟದ ಆಕಾರ ಬೇರೆ ಬೇರೆ. ಮ್ಯೂನಿಕ್‌ನ ಗೋದಿ ಬಿಯರ್ ಅರ್ಧ ಲೀಟರಿನ ಎತ್ತರದ ಲೋಟದಲ್ಲಿ ಬರುತ್ತದೆ; ಅದರ ಯೀಸ್ಟು ಲವಂಗವನ್ನೂ ಬಾಳೆಹಣ್ಣನ್ನೂ ನೆನಪಿಗೆ ತರುವ ವಾಸನೆಯನ್ನು ಕೊಡುತ್ತದೆ. ಬೆಲ್ಜಿಯಮಿನ ಮಠಗಳ ಕಂದು ಬಿಯರ್ ಅಗಲಬಾಯಿಯ, ಕಾಲುಳ್ಳ ಪಾತ್ರೆಯಲ್ಲಿ ಬರುತ್ತದೆ. ಅದನ್ನು ಮೊದಲು ಕಂಡ ನಮ್ಮವರಿಗೆ ಕರ್ತನ ಮೇಜಿನ ಪಾತ್ರೆಯ ನೆನಪಾಗದೆ ಇರದು.

ಕಲೋನ್ ನಗರದ ರೂಢಿಯನ್ನು ಮಾತ್ರ ಪ್ರಯಾಣಿಕನು ಮುಂಚಿತವಾಗಿಯೇ ತಿಳಿದಿರುವುದು ಒಳ್ಳೆಯದು. ಅಲ್ಲಿ ಕ್ಯೋಲ್ಶ್ ಎಂಬ ತಿಳಿಬಣ್ಣದ ಬಿಯರನ್ನು 200 ಮಿಲಿಲೀಟರಿನ ಸಣ್ಣ ನೇರ ಲೋಟದಲ್ಲಿ ಕೊಡುತ್ತಾರೆ. ಲೋಟ ಬರಿದಾದೊಡನೆ ಪರಿಚಾರಕನು ಕೇಳದೆಯೇ ಇನ್ನೊಂದನ್ನು ತಂದಿಟ್ಟು, ಕೆಳಗಿನ ರಟ್ಟಿನ ಬಿಲ್ಲೆಯ ಮೇಲೆ ಒಂದು ಗೆರೆ ಎಳೆದು ಹೋಗುತ್ತಾನೆ. ಸಾಕೆಂದು ಬಾಯಿಂದ ಹೇಳಬೇಕಾಗಿಲ್ಲ. ಆ ಬಿಲ್ಲೆಯನ್ನೆತ್ತಿ ಲೋಟದ ಬಾಯಿಗೆ ಮುಚ್ಚಿದರಾಯಿತು. ನಮ್ಮ ಊರುಗಳಲ್ಲಿ ಬಡಿಸಿದ್ದನ್ನು ಮುಗಿಸುವುದೇ ಸೌಜನ್ಯ. ಆ ಸೌಜನ್ಯದಿಂದಲೇ ನಮ್ಮವರು ಅಲ್ಲಿ ಪೇಚಿಗೆ ಸಿಕ್ಕುವರು: ಆತಿಥೇಯನ ಮನ ನೋಯಬಾರದೆಂದು ಲೋಟವನ್ನು ಬರಿದು ಮಾಡಿದಷ್ಟೂ ಮತ್ತೊಂದು ಬರುತ್ತದೆ.

ಅಳತೆಯ ಮಾತನ್ನೂ ಹೇಳಿಬಿಡಬೇಕು. ರುಚಿ ನೋಡಿದವನಿಗೆ ತಾನೆಷ್ಟು ಕುಡಿದೆನೆಂಬುದು ತಿಳಿಯದಿರುವುದೇ ಹೆಚ್ಚು. ನೂರಕ್ಕೆ 5ರಷ್ಟು ಮದ್ಯಸಾರವುಳ್ಳ 200 ಮಿಲಿಲೀಟರಿನಲ್ಲಿ ಸುಮಾರು 8 ಗ್ರಾಂ ಮದ್ಯಸಾರವಿರುತ್ತದೆ. ಬೆಲ್ಜಿಯಮಿನ ವೆಸ್ಟ್‌ಫ್ಲೆಟೆರನ್ ಮಠದ ‘12’ ಎಂಬ ಬಿಯರಿನಲ್ಲಿ ಅದು ನೂರಕ್ಕೆ 10.2, ಅದರ 330 ಮಿಲಿಲೀಟರಿನ ಒಂದೇ ಬಾಟಲಿಯಲ್ಲಿ 26 ಗ್ರಾಮಿಗೂ ಹೆಚ್ಚು. ಎಂದರೆ “ಒಂದೇ ಒಂದು” ಎಂಬ ಮಾತಿನೊಳಗೆ ಕಲೋನಿನ ಮೂರು ಲೋಟಗಳು ಅಡಗಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯು 2023ರ ಜನವರಿಯಲ್ಲಿ, ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲವೆಂದು ಪ್ರಕಟಿಸಿತು. ಸ್ವಲ್ಪ ಕುಡಿಯುವುದು ದೇಹಕ್ಕೆ ಒಳ್ಳೆಯದೆಂಬ ಹಳೆಯ ಸಮಾಧಾನವನ್ನು, ತಿಮೊಥೆಯನ ಹೊಟ್ಟೆಯ ಬೇನೆಗೆ ಪೌಲನು ಹೇಳಿದ ಔಷಧದ ಮಾತಿನೊಡನೆ ಜೋಡಿಸಿ ಹೇಳುವವರು ಇನ್ನು ಬೇರೆ ಆಧಾರವನ್ನು ಹುಡುಕಬೇಕು.

ಶೇಕಾರ್: ಯಾತ್ರಿಕನ ಪಾನೀಯ

ಸತ್ಯವೇದದಲ್ಲಿ ಬಿಯರ್ ಇಲ್ಲ, ದ್ರಾಕ್ಷಾರಸ ಮಾತ್ರವಿದೆ ಎಂದು ನಾವು ತಿಳಿದಿರುವುದುಂಟು. ಆದರೆ ‘ಮದ್ಯ’ವೆಂದು ಕನ್ನಡಕ್ಕೆ ಬರುವ ಹೀಬ್ರೂ ಪದ ‘ಶೇಕಾರ್’. ಅಕ್ಕಾಡ್ ಭಾಷೆಯಲ್ಲಿ ಇದರ ಸೋದರಪದವಾದ ‘ಶಿಕಾರು’ ಜವೆಗೋದಿಯ ಬಿಯರಿಗೇ ಹೆಸರು. ಬಟ್ಟಿ ಇಳಿಸುವ ವಿದ್ಯೆ ಆ ಕಾಲಕ್ಕೆ ಇರಲಿಲ್ಲವಾದುದರಿಂದ ‘ಶೇಕಾರ್’ ಎಂಬುದು ಸಾರಾಯಿಯಾಗಿರಲಾರದು. ಧಾನ್ಯದಿಂದಲೋ ಖರ್ಜೂರದಿಂದಲೋ ಹುದುಗಿಸಿದ ಪಾನೀಯವೇ ಆಗಿರಬೇಕು. ಹಳೆಯ ಒಡಂಬಡಿಕೆಯ ಗ್ರೀಕ್ ಭಾಷಾಂತರಕಾರರು ಅದನ್ನು ಹಲವೆಡೆ ಭಾಷಾಂತರಿಸದೆ ‘ಸಿಕೆರ’ ಎಂದೇ ಉಳಿಸಿದರು; ಸ್ನಾನಿಕನಾದ ಯೋಹಾನನ ಜನನವನ್ನು ಮುಂತಿಳಿಸುವ ಲೂಕನ ಮೊದಲ ಅಧ್ಯಾಯದಲ್ಲಿಯೂ ಅದೇ ಪದವಿದೆ.

ಈ ಪದವು ಯಾತ್ರೆಗೂ ಊಟಕ್ಕೂ ಕೂಡಿಯೇ ಬರುವ ಒಂದು ಸ್ಥಳವುಂಟು. ನಮ್ಮ ಪ್ರಸಂಗಪೀಠಗಳಲ್ಲಿ ಅದು ಓದಲ್ಪಡುವುದು ಅಪರೂಪ. ಧರ್ಮೋಪದೇಶಕಾಂಡದ 14ನೆಯ ಅಧ್ಯಾಯವು ದಶಮಾಂಶವನ್ನು ವಿಧಿಸುತ್ತಾ, ದೇವರು ಆರಿಸಿಕೊಂಡ ಸ್ಥಳವು ದೂರವಾಗಿದ್ದರೆ ಬೆಳೆಯನ್ನು ಮಾರಿ ಹಣವನ್ನು ಕಟ್ಟಿಕೊಂಡು ಹೋಗಬಹುದೆಂದೂ, ಅಲ್ಲಿ ಮನಸ್ಸಿಗೆ ಬಂದುದನ್ನು, ದನವನ್ನೋ ಕುರಿಯನ್ನೋ ದ್ರಾಕ್ಷಾರಸವನ್ನೋ ಶೇಕಾರನ್ನೋ ಕೊಂಡು, ಮನೆಯವರೆಲ್ಲರೂ ಕರ್ತನ ಮುಂದೆ ಉಂಡು ಸಂತೋಷಪಡಬೇಕೆಂದೂ ಹೇಳುತ್ತದೆ. ಎಂದರೆ ಪರಸ್ಥಳದಲ್ಲಿ ಆ ಸ್ಥಳದ ಪಾನೀಯವನ್ನು ಹಣ ಕೊಟ್ಟು ಕೊಂಡು ಊಟದೊಡನೆ ಸೇವಿಸುವುದು ಇಲ್ಲಿ ಸಹಿಸಿಕೊಂಡ ದೌರ್ಬಲ್ಯವಲ್ಲ, ಆರಾಧನೆಯ ಭಾಗ. ಮದ್ಯವೆಂಬುದು ಸ್ವಭಾವತಃ ಅಶುದ್ಧವೆಂದು ಬೋಧಿಸುವವನು ಈ ವಚನದ ಮುಂದೆ ಸುಮ್ಮನಾಗಬೇಕಾಗುತ್ತದೆ. ನಾನು ಸುಮ್ಮನಾಗಿದ್ದೇನೆ.

ಆದರೆ ಓದನ್ನು ಅಲ್ಲಿಗೇ ನಿಲ್ಲಿಸುವವನು ಕೂಡ ತಪ್ಪುತ್ತಾನೆ. ಮರುವಚನದಲ್ಲಿಯೇ ಸ್ವಂತ ಭೂಮಿಯಿಲ್ಲದ ಲೇವಿಯನನ್ನು ಕೈಬಿಡಬಾರದೆಂಬ ಎಚ್ಚರಿಕೆಯಿದೆ. ಅದರ ಬೆನ್ನಿಗೇ ಮೂರನೆಯ ವರ್ಷದ ದಶಮಾಂಶವು ಪರದೇಶಿಗೂ ಅನಾಥನಿಗೂ ವಿಧವೆಗೂ ಸೇರಬೇಕೆಂಬ ವಿಧಿಯಿದೆ. ಮೇಜಿನ ಸಂತೋಷವೂ ಮೇಜಿಗೆ ಬರಲಾರದವನ ಪಾಲೂ ಒಂದೇ ಉಸಿರಿನಲ್ಲಿ ಬರುತ್ತವೆ.

ಆ ಎರಡನ್ನು ಬೇರ್ಪಡಿಸಿದಾಗ ಏನಾಗುತ್ತದೆಂಬುದನ್ನು ಪ್ರವಾದಿಗಳಲ್ಲಿ ಓದುತ್ತೇವೆ. ಯೆಶಾಯನ 5ನೆಯ ಅಧ್ಯಾಯದ ಅಯ್ಯೋಗಳನ್ನು ನಾವು ಕುಡುಕರ ಮೇಲಿನ ಮಾತೆಂದು ಸಾಮಾನ್ಯವಾಗಿ ಬೋಧಿಸುತ್ತೇವೆ. ಆದರೆ 22ನೆಯ ವಚನದಲ್ಲಿ ಪ್ರವಾದಿಯ ವ್ಯಂಗ್ಯವು ತಿರುಗಿರುವುದು ಬೀದಿಯಲ್ಲಿ ಬಿದ್ದವನ ಕಡೆಗಲ್ಲ; ಪಾನದಲ್ಲಿ ವೀರರು, ಶೇಕಾರನ್ನು ಬೆರೆಸುವುದರಲ್ಲಿ ಶೂರರು ಎನಿಸಿಕೊಂಡವರ ಕಡೆಗೆ. ಇವರು ಬಲ್ಲವರು, ರುಚಿಯ ಪಾಂಡಿತ್ಯವುಳ್ಳವರು. ಮುಂದಿನ ವಚನದಲ್ಲಿ ಅವರೇ ಲಂಚಕ್ಕಾಗಿ ನೀತಿವಂತನ ನ್ಯಾಯವನ್ನು ಕಸಿಯುತ್ತಾರೆ. ಹಿಂದೆ ಮನೆಗೆ ಮನೆಯನ್ನು, ಹೊಲಕ್ಕೆ ಹೊಲವನ್ನು ಸೇರಿಸಿಕೊಂಡವರ ಮೇಲಿನ ಅಯ್ಯೋ ಇದೆ. ಬೆಂಗಳೂರಿನಲ್ಲಿ ಈಚಿನ ಹದಿನೈದು ವರ್ಷಗಳಲ್ಲಿ ಹೆಚ್ಚಿರುವ ಕಿರು ಬ್ರೂವರಿಗಳಲ್ಲಿ ನಮ್ಮ ಸಭೆಯ ಯುವಕ ಯುವತಿಯರು ಸಣ್ಣ ಸಣ್ಣ ಲೋಟಗಳ ಸಾಲನ್ನು ಮುಂದಿಟ್ಟುಕೊಂಡು ಇದರ ಕಹಿ, ಅದರ ಕಂಪು ಎಂದು ಚರ್ಚಿಸುವುದನ್ನು ನಾನು ಬಲ್ಲೆ. ಅವರ ಕುರಿತು ನನಗಿರುವ ಚಿಂತೆಯು ಅಮಲಿನದಕ್ಕಿಂತ ಹೆಚ್ಚಾಗಿ ಈ ಶೂರತನದ್ದು. ಒಂದು ಸಂಜೆಯ ಬಿಲ್ಲು ಅದೇ ಮೇಜನ್ನು ಒರೆಸುವ ಹುಡುಗನ ಎಷ್ಟು ದಿನದ ಕೂಲಿ ಎಂಬ ಲೆಕ್ಕವು ಆ ಚರ್ಚೆಯಲ್ಲಿ ಬರುವುದಿಲ್ಲ.

ಮಠದ ಬಾಗಿಲಲ್ಲಿ

ಸಭೆಯೇ ಬಿಯರನ್ನು ತಯಾರಿಸಿತೆಂಬುದು ನಮ್ಮವರನ್ನು ಬೆಚ್ಚಿಬೀಳಿಸುತ್ತದೆ. ಆರನೆಯ ಶತಮಾನದ ಬೆನೆಡಿಕ್ಟನ ನಿಯಮಾವಳಿಯು ತನ್ನ 40ನೆಯ ಅಧ್ಯಾಯದಲ್ಲಿ ಸನ್ಯಾಸಿಗೆ ದಿನಕ್ಕೊಂದು ಸಣ್ಣ ಅಳತೆಯ ದ್ರಾಕ್ಷಾರಸವನ್ನು ಒಪ್ಪುತ್ತದೆ. ಇತರರ ಅಳತೆಯನ್ನು ತಾನು ಗೊತ್ತುಮಾಡುವುದರಲ್ಲಿ ಆತನಿಗೆ ಅಳುಕಿದೆ, ಬಿಡಬಲ್ಲವನು ಬಿಡುವುದೇ ಲೇಸೆಂಬ ಭಾವವೂ ಇದೆ. 53ನೆಯ ಅಧ್ಯಾಯವು ಬಂದ ಅತಿಥಿಯನ್ನು ಕ್ರಿಸ್ತನೆಂದೇ ಬರಮಾಡಿಕೊಳ್ಳಬೇಕೆನ್ನುತ್ತದೆ. ದ್ರಾಕ್ಷಿ ಬೆಳೆಯದ ಉತ್ತರದ ನಾಡುಗಳಲ್ಲಿ ಈ ಎರಡು ಅಧ್ಯಾಯಗಳು ಕೂಡಿದಾಗ ಮಠದಲ್ಲಿ ಬ್ರೂವರಿ ಹುಟ್ಟಿತು. ಒಂಬತ್ತನೆಯ ಶತಮಾನದ ಸೇಂಟ್ ಗಾಲ್ ಮಠದ ನಕ್ಷೆಯಲ್ಲಿ ಮೂರು ಬ್ರೂವರಿಗಳನ್ನು ಗುರುತಿಸಲಾಗಿದೆ: ಸನ್ಯಾಸಿಗಳಿಗೆ ಒಂದು, ಗಣ್ಯ ಅತಿಥಿಗಳಿಗೆ ಒಂದು, ಯಾತ್ರಿಕರಿಗೂ ಬಡವರಿಗೂ ಒಂದು. ಕೊನೆಯದನ್ನು ನೋಡಿ ಸಂತೋಷವಾಗುತ್ತದೆ. ಅದು ಗಣ್ಯರದಕ್ಕಿಂತ ಬೇರೆಯಾಗಿರಬೇಕಾಯಿತೆಂಬುದನ್ನು ನೋಡಿ ಅಷ್ಟು ಸಂತೋಷವಾಗುವುದಿಲ್ಲ.

ಇಂದು ಟ್ರಾಪಿಸ್ಟ್ ಸನ್ಯಾಸಿಗಳ ಮುದ್ರೆಯುಳ್ಳ ಬಿಯರಿಗೆ ಮೂರು ನಿಬಂಧನೆಗಳಿವೆ. ಅದು ಮಠದ ಆವರಣದಲ್ಲಿ ಸನ್ಯಾಸಿಗಳಿಂದ ಅಥವಾ ಅವರ ಮೇಲ್ವಿಚಾರಣೆಯಲ್ಲಿ ತಯಾರಾಗಬೇಕು. ಬ್ರೂವರಿಯು ಸನ್ಯಾಸಜೀವನಕ್ಕೆ ಅಧೀನವಾಗಿರಬೇಕು. ಆದಾಯವು ಮಠದ ನಿರ್ವಾಹಕ್ಕೆ ಸಂದು, ಉಳಿದದ್ದು ಧರ್ಮಕಾರ್ಯಕ್ಕೆ ಹೋಗಬೇಕು. ಹಲವು ವರ್ಷಗಳ ಹಿಂದೆ ಸಮ್ಮೇಳನವೊಂದಕ್ಕೆ ಹೋದಾಗ, 1831ರಲ್ಲಿ ಸ್ಥಾಪಿತವಾದ ವೆಸ್ಟ್‌ಫ್ಲೆಟೆರನ್ ಮಠವನ್ನು ನೋಡುವ ಅವಕಾಶ ನನಗೆ ದೊರೆಯಿತು. ಸುತ್ತಲೂ ಹಾಪ್ಸ್ ಬಳ್ಳಿಯ ಕಂಬಗಳ ಹೊಲಗಳು. ನಮ್ಮ ವೀಳ್ಯದೆಲೆಯ ತೋಟಗಳನ್ನೇ ಎತ್ತರ ಮಾಡಿದಂತೆ. ಜಗತ್ತಿನ ರಸಿಕರು ಎಷ್ಟೇ ಬೇಡಿದರೂ ಆ ಸನ್ಯಾಸಿಗಳು ತಮ್ಮ ನಿರ್ವಾಹಕ್ಕೆ ಬೇಕಾದುದಕ್ಕಿಂತ ಹೆಚ್ಚು ತಯಾರಿಸುವುದಿಲ್ಲ. ನನ್ನನ್ನು ಕರೆದೊಯ್ದ ಆತಿಥೇಯನು ಮಠದ ಎದುರಿನ ಉಪಾಹಾರಗೃಹದಲ್ಲಿ ಬಿಯರನ್ನೂ ಗಿಣ್ಣನ್ನೂ ತರಿಸಿದನು. ನಾನು ಎರಡು ಗುಟುಕು ರುಚಿ ನೋಡಿದೆನು. ಸುಟ್ಟ ಬೆಲ್ಲದಂತೆ, ಒಣಗಿದ ಅಂಜೂರದಂತೆ ಇತ್ತು, ಚೆನ್ನಾಗಿತ್ತು. ಊರಿಗೆ ಬಂದು ಇದನ್ನು ಯಾರಿಗೂ ಹೇಳಲಿಲ್ಲ. ಇಂದು ನನ್ನನ್ನು ಕಾಡುವುದು ಆ ಎರಡು ಗುಟುಕುಗಳಲ್ಲ, ಆಮೇಲಿನ ಈ ಮೌನ.

ಪ್ರೊಟೆಸ್ಟಂಟರೂ ಹೊರತಲ್ಲ. ಲೂಥರನ ಪತ್ನಿ ಕಥರೀನಳು ವಿಟ್ಟೆನ್‌ಬೆರ್ಗ್‌ನ ಹಳೆಯ ಮಠದ ಮನೆಯಲ್ಲಿ ಬಿಯರ್ ತಯಾರಿಸುತ್ತಿದ್ದಳು. ತಾನು ಗೆಳೆಯರೊಡನೆ ಬಿಯರ್ ಕುಡಿಯುತ್ತಿದ್ದಾಗ ದೇವರ ವಾಕ್ಯವೇ ಸುಧಾರಣೆಯ ಕೆಲಸವನ್ನು ನಡೆಸಿತೆಂಬರ್ಥದ ಮಾತನ್ನು 1522ರ ಪ್ರಸಂಗದಲ್ಲಿ ಆತನು ಆಡಿದನು. ಇದನ್ನು ಎಲ್ಲರೂ ಉದ್ಧರಿಸುತ್ತಾರೆ. 101ನೆಯ ಕೀರ್ತನೆಯ ವ್ಯಾಖ್ಯಾನದಲ್ಲಿ, ಪ್ರತಿ ನಾಡಿಗೂ ಅದರದೇ ಪಿಶಾಚಿಯುಂಟು, ಜರ್ಮನರ ಪಿಶಾಚಿಯ ಹೆಸರು ಕುಡಿತ ಎಂದು ಅದೇ ಲೂಥರನು ನೊಂದು ಬರೆದುದನ್ನು ಉದ್ಧರಿಸುವವರು ಕಡಿಮೆ.

ಕರಾವಳಿಯ ನೆನಪು

ನಮ್ಮ ‘ಬೇಡ’ ಎಲ್ಲಿಂದ ಬಂತು? 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನರಿಗಳಲ್ಲಿ ಅನೇಕರು ವ್ಯೂರ್ಟೆಂಬೆರ್ಗ್‌ನ ಭಕ್ತಿಪಂಥದಲ್ಲಿ ಬೆಳೆದವರು. ಅದು ದ್ರಾಕ್ಷಿತೋಟಗಳ ನಾಡು. ಆದರೂ ಕಳ್ಳಿಳಿಸುವ ಕಸುಬು ಕ್ರೈಸ್ತನಿಗೆ ತಕ್ಕದ್ದಲ್ಲವೆಂದು ಅವರು ಎಣಿಸಿದರು. ಕ್ರೈಸ್ತರಾದ ಬಿಲ್ಲವರಲ್ಲಿ ಅನೇಕರು ಅದನ್ನು ಬಿಟ್ಟರು. ಇದನ್ನು ಕೇವಲ ಪರದೇಶದ ಕಟ್ಟುನಿಟ್ಟೆಂದು ತಳ್ಳಿಹಾಕುವುದು ಇಂದಿನ ರೂಢಿ. ನನ್ನ ಎಣಿಕೆ ಬೇರೆ. ತುಳುನಾಡಿನಲ್ಲಿ ಕೆಲವು ದೈವಗಳಿಗೆ ಕಳ್ಳು ಅರ್ಪಣೆಯಾಗುತ್ತದೆ. ಆದುದರಿಂದ ಹೊಸ ವಿಶ್ವಾಸಿಗೆ ಕಳ್ಳಿನ ಪ್ರಶ್ನೆಯು ಕೊರಿಂಥದವರ ಅರ್ಪಿತ ಮಾಂಸದ ಪ್ರಶ್ನೆಗೆ ಬಹಳ ಹತ್ತಿರದ್ದಾಗಿತ್ತು. ಇನ್ನೂ ಒಂದು: ಮಿಶನ್ ‘ಬೇಡ’ ಎಂದು ಹೇಳಿ ಕೈತೊಳೆದುಕೊಳ್ಳಲಿಲ್ಲ. ನೇಯ್ಗೆಯ ಮಗ್ಗಗಳು, 1865ರಿಂದ ಹೆಂಚಿನ ಕಾರ್ಖಾನೆ, ಇವು ಕಸುಬು ಕಳೆದುಕೊಂಡವರಿಗೆ ಅನ್ನವಾದವು. ನಾವು ಇಂದು ಹೇಳುವ ‘ಬೇಡ’ಕ್ಕೆ ಅಂಥ ವೆಚ್ಚವೇನೂ ಇಲ್ಲ.

ಕರ್ನಾಟಕದಲ್ಲಿ 2007ರ ತನಕ ಸಾರಾಯಿ ಹರಿದುದನ್ನೂ, ಇಂದಿಗೂ ವಾರದ ಕೂಲಿ ಶನಿವಾರ ರಾತ್ರಿಯೇ ಕರಗುವ ಮನೆಗಳನ್ನೂ ಬಲ್ಲ ಸಭಾಪಾಲಕನು ಬೆಲ್ಜಿಯಮಿನ ಸನ್ಯಾಸಿಯ ಹಗುರಾದ ಮನಸ್ಸಿನಿಂದ ಲೋಟವನ್ನು ಎತ್ತಲಾರನು, ಎತ್ತಲೂಬಾರದು.

ಮಜ್ಜಿಗೆಯೂ ಈಚಲ ಮರವೂ

ಹಾಗಾದರೆ ಮೇಜಿನಲ್ಲಿ ಏನು ಮಾಡಬೇಕು? ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ಜನ ಕಳ್ಳೆಂದೇ ಎಣಿಸುತ್ತಾರೆಂಬ ಗಾದೆಯನ್ನು ನಾವು ಈ ಸಂದರ್ಭದಲ್ಲಿ ತಟ್ಟನೆ ಹೇಳುತ್ತೇವೆ; ರೋಮಾಪುರದವರಿಗೆ ಬರೆದ ಪತ್ರಿಕೆಯ 14ನೆಯ ಅಧ್ಯಾಯವೂ ಇದನ್ನೇ ಹೇಳುತ್ತದೆಂದು ತಿಳಿಯುತ್ತೇವೆ. ಎರಡೂ ಒಂದೇ ಅಲ್ಲ. ಗಾದೆಯು ಅಂಜುವುದು ನನ್ನ ಹೆಸರಿಗೆ. ಪೌಲನು ಅಂಜುವುದು ಸಹೋದರನ ಬೀಳುವಿಕೆಗೆ. ಗಾದೆಯ ಪ್ರಕಾರ, ಊರಿನವರು ಯಾರೂ ನೋಡದ ಕಲೋನಿನಲ್ಲಿ ಕುಡಿಯಬಹುದು, ಬೆಂಗಳೂರಿನಲ್ಲಿ ಕೂಡದು. ನಾನು ವೆಸ್ಟ್‌ಫ್ಲೆಟೆರನಿನಲ್ಲಿ ನಡೆದುಕೊಂಡದ್ದು ಈ ಗಾದೆಯ ಪ್ರಕಾರ. ಪೌಲನ ಪ್ರಕಾರ ಕೇಳಬೇಕಾದದ್ದು ಬೇರೆ: ಈ ಮೇಜಿನಲ್ಲಿ ನನ್ನ ಪಕ್ಕದಲ್ಲಿ ಕುಳಿತವನು ಯಾರು? ಅವನು ಬಿಡಲು ಹೆಣಗುತ್ತಿರುವವನಾದರೆ, ಲೋಕದ ಎಷ್ಟೇ ದೂರದ ಮೂಲೆಯಾದರೂ, ನನ್ನ ಸ್ವಾತಂತ್ರ್ಯವು ಅಲ್ಲಿಗೆ ಮುಗಿಯಿತು.

ಅದೇ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 10ನೆಯ ಅಧ್ಯಾಯದಲ್ಲಿ, ಕರೆದವರ ಮನೆಯಲ್ಲಿ ಬಡಿಸಿದ್ದನ್ನು ವಿಚಾರಣೆ ಮಾಡದೆ ತಿನ್ನಿರೆಂದೂ ಹೇಳುತ್ತಾನೆ. ಕರ್ತನು ಎಪ್ಪತ್ತು ಮಂದಿಯನ್ನು ಕಳುಹಿಸುವಾಗ, ಮನೆಯವರು ಕೊಟ್ಟದ್ದನ್ನು ಉಂಡು ಕುಡಿಯಿರಿ ಎಂದದ್ದನ್ನು ಲೂಕನ 10ನೆಯ ಅಧ್ಯಾಯದಲ್ಲಿ ಓದುತ್ತೇವೆ. ಆದುದರಿಂದ ಆತಿಥೇಯನನ್ನು ತೀರ್ಪಿಗೆ ಗುರಿಮಾಡುವ ‘ಬೇಡ’ವು ಸುವಾರ್ತೆಯ ‘ಬೇಡ’ವಲ್ಲ. ಮುಖ ಸಿಂಡರಿಸಿ ಲೋಟವನ್ನು ದೂರ ತಳ್ಳುವುದಕ್ಕಿಂತ ಒಂದು ಗುಟುಕು ಕುಡಿದು ವಂದಿಸುವುದು ಮೇಲೆಂದು ನಾನು ಎಣಿಸುತ್ತೇನೆ. ನಗುಮೊಗದಿಂದ, ಕಾರಣವನ್ನು ಮರೆಮಾಡದೆ ನಿರಾಕರಿಸುವುದು ಅದಕ್ಕಿಂತಲೂ ಮೇಲು. ಜರ್ಮನಿಯಲ್ಲಿ ಮದ್ಯಸಾರ ನೂರಕ್ಕೆ 0.5ನ್ನು ಮೀರದ ಬಿಯರ್ ಹೆಚ್ಚಿನ ಭೋಜನಾಲಯಗಳಲ್ಲಿ ದೊರೆಯುತ್ತದೆ. ಸೇಬಿನ ರಸಕ್ಕೆ ಸೋಡಾ ಬೆರೆಸಿ ಕುಡಿಯುವುದು ಅಲ್ಲಿ ಮಕ್ಕಳ ಪಾನೀಯವೆನಿಸಿಕೊಂಡಿಲ್ಲ. ಕೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ. ಮರುದಿನ ಪ್ರಸಂಗ ಮಾಡಬೇಕಾದವನು, ವಾಹನ ನಡೆಸಬೇಕಾದವನು, ಔಷಧ ಸೇವಿಸುವವನು ಇವರಿಗೆ ಚರ್ಚೆಯೇ ಬೇಕಿಲ್ಲ. ಗುಡಾರಕ್ಕೆ ಬರುವ ಯಾಜಕನಿಗೆ ಯಾಜಕಕಾಂಡದ 10ನೆಯ ಅಧ್ಯಾಯವು ಉತ್ತರ ಕೊಟ್ಟಿದೆ.

ನಮ್ಮ ವಿದ್ಯಾರ್ಥಿಯು ಹಿಂದಿರುಗಿದ್ದಾನೆ. ನಡೆದುದನ್ನು ಅವನ ಅನುಮತಿಯಿಂದ ಬರೆಯುತ್ತೇನೆ. ಮೊದಲ ಭಾನುವಾರದ ಊಟದಲ್ಲಿಯೇ ಬಿಯರ್ ಬಂತು, ಅವನು ಬೇಡವೆಂದನು, ಸಭೆಯ ವೃದ್ಧೆಯೊಬ್ಬರು, ಅವನು ಅಂಜಿದ್ದಂತೆಯೇ, ಏಕೆಂದು ಕೇಳಿದರು. ಸತ್ಯವೇದದ ವಚನಗಳಾವುವೂ ಅವನ ಬಾಯಿಗೆ ಬರಲಿಲ್ಲವಂತೆ. “ನನ್ನ ತಂದೆ ಕುಡಿದು ತೀರಿಕೊಂಡರು. ಅವರ ಸಾಲವನ್ನು ತಾಯಿ ಇನ್ನೂ ತೀರಿಸುತ್ತಿದ್ದಾರೆ” ಎಂದನು. ಮೇಜಿನ ಮೇಲೆ ಸ್ವಲ್ಪ ಹೊತ್ತು ಮಾತಿಲ್ಲದಾಯಿತು. ಆ ಅಜ್ಜಿ ತಮ್ಮ ಲೋಟವನ್ನು ಸರಿಸಿ, ತಮ್ಮ ಅಣ್ಣನೂ ಹಾಗೆಯೇ ಎಂದರು. ಆ ಗುರುವಾರ ಸಂಜೆ ಅವನನ್ನು ದೇವಾಲಯದ ನೆಲಮಾಳಿಗೆಗೆ ಕರೆದುಕೊಂಡು ಹೋದರು. ಅಲ್ಲಿ ನೀಲಿ ಶಿಲುಬೆ ಸಂಘದ ಕೂಟ ನಡೆಯುತ್ತಿತ್ತು. ಕುಡಿತದಿಂದ ಬಿಡುಗಡೆ ಬಯಸುವವರಿಗಾಗಿ ಲೂಯಿ ಲೂಸ್ಯಾನ್ ರೋಷಾ ಎಂಬ ಸಭಾಪಾಲಕನು 1877ರಲ್ಲಿ ಜಿನೀವದಲ್ಲಿ ಆರಂಭಿಸಿದ ಸಂಘವದು. ಹನ್ನೆರಡು ಮಂದಿ ಇದ್ದರಂತೆ. ಸೇಬಿನ ರಸವನ್ನು ಹಂಚಿದರು. ಕೊನೆಯಲ್ಲಿ, ಅರ್ಥವಾಗದಿದ್ದರೂ ಚಿಂತೆಯಿಲ್ಲ, ನಿನ್ನ ಭಾಷೆಯಲ್ಲಿಯೇ ಪ್ರಾರ್ಥಿಸು ಎಂದು ಅವನನ್ನು ಕೇಳಿಕೊಂಡರು.